ಗುರುತು: ಗಲ್ಲದ ಎಡಕ್ಕೊಂದು ಕರಿ ಮಚ್ಚೆ

ನಮ್ಮ ಬಸ್ಸಿನ ಬೆನ್ನಿಗೆ ಹೋದ ತಿಂಗಳು ಅಂಟಿಸಿದರು
ಹಾಲುಬಿಳುಪಿನ ಹುಡುಗಿಯ ಒಂದು ಮುಖ.
ಕೆಳಗೆ: ಲೇಸರ್. ಹತ್ತೇ ನಿಮಿಷ. ನೋವಿಲ್ಲ, ಕಲೆಯಿಲ್ಲ.
ಯಶವಂತಪುರದಿಂದ ಬನಶಂಕರಿಗೆ, ಅಲ್ಲಿಂದ ವಾಪಸ್ಸು,
ದಿನಕ್ಕೆ ಆರು ಸಲ ಅವಳನ್ನು ಹೊತ್ತು ತಿರುಗಿದ್ದೇನೆ
ಟಿಕೆಟ್ ಕೇಳದೆ.

ನನ್ನದು ಗಲ್ಲದ ಎಡಕ್ಕೆ, ಮೆಣಸಿನಕಾಳಿನ ಗಾತ್ರ.
ಸೇವಾ ಪುಸ್ತಕದ ಮೊದಲ ಪುಟದಲ್ಲಿ
ಯಾವನೋ ಗುಮಾಸ್ತ ಬರೆದಿಟ್ಟಿದ್ದಾನೆ.
ಚನ್ನಾಜಮ್ಮ ಎಂಬಲ್ಲಿ ಚನ್ನಮ್ಮ ಮಾಡಿದ್ದಾನೆ,
ಮಚ್ಚೆ ಮಾತ್ರ ತಪ್ಪಿಲ್ಲ.

ಲಕ್ಷ್ಮಿ ಕೂತ ಜಾಗ ಅದು, ಮುಟ್ಟಬೇಡ ಅಂದರು ಅತ್ತೆ.
ಕುದುರೆ ಬಾಲದ ಕೂದಲು ಬಿಗಿ, ಉದುರುತ್ತೆ ಅಂದಳು ನಾದಿನಿ.
ಒಮ್ಮೆ ಸುಣ್ಣ ಸೋಡ ಕಲಸಿ ಹಚ್ಚಿದೆ;
ಹುಣ್ಣಾಗಿ ಒಣಗಿ, ಅದೇ ಮಚ್ಚೆ ಮತ್ತೆ ಬಂದು ಕೂತಿತು,
ಸೀಟು ಬಿಡದ ಮುದುಕನ ಹಾಗೆ.

ಮೊನ್ನೆ ಗೊರಗುಂಟೆಪಾಳ್ಯದಲ್ಲಿ ಹತ್ತಿದ ಮಗು
ಕೈ ತೋರಿಸಿ ಕೂಗಿತು: ಅಮ್ಮಾ, ಕಂಡಕ್ಟರ್ ಮುಖಕ್ಕೆ ನೊಣ!
ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.
ರಜೆ ದಿನ ಮತ್ತಿಕೆರೆಗೆ ಹೋದೆ.

ಬೇಕರಿ ಮೇಲಿನ ಮಹಡಿ, ಡಾಕ್ಟರ್ ಜುಲೇಖಾ.
ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.
ಪಾಪದ ಮಚ್ಚೆ ಇದು, ಸುಡಬಹುದು.
ಆದರೆ ಪೋಸ್ಟರು ಹೇಳದ್ದನ್ನು ನಾನು ಹೇಳಬೇಕು:
ಬೇರು ಉಳಿದರೆ ಮತ್ತೆ ಬರಬಹುದು.
ನಮ್ಮಂಥ ಬಣ್ಣದವರಿಗೆ ಬಿಳಿ ಚುಕ್ಕೆಯೋ ಕಪ್ಪು ಕಲೆಯೋ
ಉಳಿದರೂ ಉಳಿಯಬಹುದು. ಕೆಲವು ತಿಂಗಳು
ಬಿಸಿಲು ಕೂಡದು.

ಬಾಗಿಲಲ್ಲಿ ನಿಲ್ಲುವವಳಿಗೆ ಬಿಸಿಲು ಕೂಡದಂತೆ.

ಬೇರೆಲ್ಲಾದರೂ ಇದೆಯಾ? ಇಲ್ಲ ಅಂದೆ.
ಯಾವುದಕ್ಕೂ ನೋಡೋಣ, ತಿರುಗಿ ಅಂದರು.
ಹದಿನೇಳು ವರ್ಷ ಬ್ಯಾಗಿನ ಪಟ್ಟಿ ಉಜ್ಜಿದ ಜಾಗ,
ಭುಜದ ಮೂಳೆಯ ಕೆಳಗೆ
ಪುಟ್ಟ ಭೂತಗನ್ನಡಿ ಒತ್ತಿ ಸುಮ್ಮನಾದರು.
ಕೆಳಗಡೆ ಬನ್ನಿನ ತಟ್ಟೆ ಎಳೆದ ಸದ್ದು, ಬೆಣ್ಣೆ ವಾಸನೆ.
ಯಾವಾಗಿನಿಂದ ಇದೆ ಇದು?

ನನ್ನ ಬೆನ್ನು, ನನಗೇನು ಗೊತ್ತು?
ಫೋನ್ ಮಾಡಿದೆ. ನಮ್ಮ ಯಜಮಾನರು
ಕಾಟನ್‌ಪೇಟೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾರೆ,
ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು.
ಮಿಷಿನ್ನಿನ ಗದ್ದಲದ ಒಳಗಿಂದ ತಡೆದು ತಡೆದು ಅಂದರು:
ಮೊದಲು ಪೂರ್ಣವಿರಾಮದಷ್ಟಿತ್ತು.
ಹೋದ ದೀಪಾವಳಿ ಎಣ್ಣೆ ಹಚ್ಚುವಾಗ ನೋಡಿದೆ,
ಅಲ್ಪವಿರಾಮ ಆಗಿತ್ತು. ಬಾಲ ಬಂದಿತ್ತು.
ಹೇಳೋಣ ಅಂತಿದ್ದೆ ಚನ್ನಾ,
ಪಟಾಕಿ ಗಲಾಟೆಯಲ್ಲಿ ಮರೆತೆ.

ಇದನ್ನು ಲೇಸರ್ ಮುಟ್ಟಬಾರದು ಅಂದರು ಡಾಕ್ಟರು.
ಸುಟ್ಟರೆ ಹೊಗೆ. ಹೊಗೆಯನ್ನು ಯಾವ ಲ್ಯಾಬೂ ಓದುವುದಿಲ್ಲ.
ಅಂಚು ಸಮೇತ ಕತ್ತರಿಸಿ, ಸೀಸೆಯಲ್ಲಿಟ್ಟು ಕಳಿಸಬೇಕು.
ಏನೂ ಇಲ್ಲದಿರಬಹುದು. ಓದಿಸಿ ನೋಡೋಣ.

ನಾಲ್ಕು ಹೊಲಿಗೆ. ವರದಿಗೆ ಹತ್ತು ದಿನ.
ಬ್ಯಾಗು ಈಗ ಇನ್ನೊಂದು ಭುಜಕ್ಕೆ; ಚಿಲ್ಲರೆ ಕೈಗೆ ಸಿಗದು.
ಉಚಿತ ಟಿಕೆಟ್ಟಿಗೆ ಹೆಂಗಸರು ಆಧಾರ್ ಚಾಚುತ್ತಾರೆ,
ಮಸುಕು ಫೋಟೋ, ಎದುರಿಗೆ ಬೆವರಿದ ಮುಖ,
ಎರಡನ್ನೂ ನೋಡಿ ಹೌದು ಅನ್ನುತ್ತೇನೆ.
ಕಾರ್ಡಿನಲ್ಲಿ ಯಾರಿಗೂ ಬೆನ್ನಿಲ್ಲ.

ಡಿಪೋದಲ್ಲಿ ತೊಳೆದೂ ತೊಳೆದೂ
ಪೋಸ್ಟರ್ ಹುಡುಗಿಯ ಕೆನ್ನೆ ಸುಲಿದು ಹಳೇ ನೀಲಿ ಕಾಣುತ್ತಿದೆ.
ನನ್ನ ಗಲ್ಲದ್ದೋ? ಇರಲಿ, ಆಮೇಲೆ.

ರಾತ್ರಿ ಬ್ಯಾಂಡೇಜು ಬದಲಿಸಲು ಕೂತವರು
ಕನ್ನಡಕ ಹಾಕಿ, ದೀಪ ಹತ್ತಿರ ಎಳೆದು
ಬೆನ್ನಿಡೀ ನೋಡುತ್ತಾರೆ, ಮೇಲಿಂದ ಕೆಳಕ್ಕೆ,
ಒಂದು ಸಾಲು ಬಿಡದೆ.
ಇಲ್ಲೊಂದಿದೆ, ಸಣ್ಣದು, ಸೊಂಟದ ಬಲಕ್ಕೆ.
ಇದು ಮದುವೆಯಾದಾಗಲೇ ಇತ್ತು.

ಬರೆದಿಡಿ ಅನ್ನುತ್ತೇನೆ, ತಾರೀಕು ಹಾಕಿ.